ಕತ್ತಿನ ನಾಳ ಮತ್ತು ಮನೆತನದ ಲೆಕ್ಕ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ, ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತಿದ್ದು ನಿಮಗೆ ನೆನಪಿರಬಹುದು. 2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಬಂದಾಗಲೂ ಅದೇ ಸಾಲು. ಎಲ್ಲರೂ ಕೇಳಿದ್ದು ಹೃದಯದ ಬಗ್ಗೆ: ಇಸಿಜಿ, ಎಕೋ, ಟಿಎಂಟಿ. ಅದು ಸರಿಯೇ. ಆದರೆ ಹೃದಯದ ನಾಳದಲ್ಲಿ ಕೂರುವ ಕೊಬ್ಬು ಕತ್ತಿನ ನಾಳದಲ್ಲೂ ಕೂರುತ್ತೆ, ಅಲ್ಲಿಂದ ಕಿತ್ತು ಬಂದರೆ ಸೀದಾ ಮಿದುಳಿಗೆ ಹೋಗುತ್ತೆ. ಇದರ ಬಗ್ಗೆ ನಾವು ಮಾತಾಡೋದು ಕಡಿಮೆ.

ಕತ್ತಿನ ಎರಡೂ ಪಕ್ಕದಲ್ಲಿ ಮಿಡಿಯುವ ದೊಡ್ಡ ನಾಳಕ್ಕೆ ಕೆರೋಟಿಡ್ ಅಂತಾರೆ. ದವಡೆಯ ಮೂಲೆಯ ಹತ್ತಿರ ಅದು ಎರಡಾಗಿ ಕವಲೊಡೆಯುತ್ತೆ. ಒಂದು ಕವಲು ಮುಖಕ್ಕೆ, ಇನ್ನೊಂದು ಮಿದುಳಿಗೆ. ಕಾಲುವೆ ಕವಲಾಗುವ ಕಡೆ ನೀರು ಸುಳಿ ತಿರುಗಿ ಹೂಳು ನಿಲ್ಲೋದನ್ನ ನೋಡಿರ್ತೀರಲ್ಲ, ಹಾಗೇ ಇಲ್ಲೂ. ರಕ್ತದ ಹರಿವು ಏರುಪೇರಾಗುವ ಆ ಜಾಗದಲ್ಲಿ ಎಲ್‌ಡಿಎಲ್ ಕೊಲೆಸ್ಟ್ರಾಲ್ ಗೋಡೆಯೊಳಕ್ಕೆ ಇಳಿದು ವರ್ಷಗಟ್ಟಲೆ ಗಡ್ಡೆ ಕಟ್ಟುತ್ತೆ. ನೋವಿಲ್ಲ, ಸುಸ್ತಿಲ್ಲ. ಒಂದು ದಿನ ಅದರ ಮೇಲ್ಪದರ ಬಿರಿದು ರಕ್ತ ಹೆಪ್ಪುಗಟ್ಟಿ, ಚೂರು ಮೇಲಕ್ಕೆ ಹೋದರೆ ಲಕ್ವ.

ಕೆಲವರಿಗೆ ಅದಕ್ಕೆ ಮುಂಚೆ ಒಂದು ಎಚ್ಚರಿಕೆ ಸಿಗುತ್ತೆ. ನಮ್ಮ ದೊಡ್ಡಪ್ಪ ಪಿಲ್ಲಗುಂಪೆ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಶಿಫ್ಟ್ ಮಾಡಿದವರು. 54ನೇ ವಯಸ್ಸಲ್ಲಿ ಒಂದು ಬೆಳಗ್ಗೆ ನೈಟ್ ಶಿಫ್ಟ್ ಮುಗಿಸಿ ಬಂದು ಕೂತಿದ್ದಾಗ ಬಲಗೈಯಿಂದ ಟೀ ಲೋಟ ಜಾರಿತು, ಮಾತು ತೊದಲಿತು. ಹತ್ತೇ ನಿಮಿಷ, ಎಲ್ಲಾ ಸರಿಹೋಯ್ತು. "ನಿದ್ದೆಗೆಟ್ಟಿದ್ದಕ್ಕೆ ಕಣೇ" ಅಂದುಬಿಟ್ಟು ಮಲಗೋಕೆ ಹೊರಟಿದ್ದರು. ದೊಡ್ಡಮ್ಮ ಬಿಡಲಿಲ್ಲ, ಆಟೋ ಕರೆಸಿ ಆಸ್ಪತ್ರೆಗೆ ಎಳ್ಕೊಂಡು ಹೋದರು. ಕತ್ತಿನ ಡಾಪ್ಲರ್ ಮಾಡಿದಾಗ ಎಡಗಡೆ ನಾಳ ಶೇಕಡ 80ರಷ್ಟು ಕಿರಿದಾಗಿತ್ತು. ಹತ್ತು ದಿನದೊಳಗೆ ಆಪರೇಷನ್ ಆಯ್ತು. ಈಗ ತೋಟಕ್ಕೆ ನೀರು ಹಾಯಿಸ್ಕೊಂಡು ಚೆನ್ನಾಗಿದ್ದಾರೆ.

ಹೀಗೆ ಬಂದು ಹೋಗುವುದನ್ನ ಮಿನಿ ಸ್ಟ್ರೋಕ್ ಅಂತಾರೆ. ಮುಖ ಒಂದು ಕಡೆ ವಾಲೋದು, ಒಂದು ಕೈ ಬಲ ಕಳ್ಕೊಳ್ಳೋದು, ಮಾತು ತೊದಲೋದು, ಒಂದು ಕಣ್ಣಿಗೆ ಪರದೆ ಇಳಿದಂತಾಗೋದು ಇದರ ಲಕ್ಷಣ. ತಾನಾಗೇ ಸರಿಹೋಯ್ತಲ್ಲ ಅಂತ ಬಿಡೋ ಹಾಗಿಲ್ಲ, ದೊಡ್ಡ ಹೊಡೆತದ ಭಯ ಹೆಚ್ಚಿರೋದು ಆಮೇಲಿನ ಎರಡು ದಿನದಲ್ಲೇ. ಲಕ್ಷಣ ಕಂಡಿದ್ದು, ನಾಳ ಶೇಕಡ 70ಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಆಪರೇಷನ್ನಿಂದ ಲಕ್ವ ತಪ್ಪುತ್ತೆ ಅನ್ನೋದು ಉತ್ತರ ಅಮೆರಿಕದ ದೊಡ್ಡ ಅಧ್ಯಯನವೊಂದರಿಂದ 1991ರಲ್ಲೇ ಗೊತ್ತಾಗಿದೆ.

ದೊಡ್ಡಪ್ಪ ಮನೆಗೆ ಬಂದ ಮೇಲೆ ನೋಡೋಕೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು. "ಅವರಪ್ಪನೂ ಲಕ್ವ ಹೊಡೆದೇ ಹೋಗಿದ್ದಲ್ವಾ? ವಂಶದಲ್ಲೇ ಇದೆ, ಏನ್ ಮಾಡೋಕಾಗುತ್ತೆ?" ಅರ್ಧ ಮಾತು ನಿಜ. ವಂಶದಲ್ಲಿ ಇರಬಹುದು. ಏನೂ ಮಾಡೋಕಾಗಲ್ಲ ಅನ್ನೋದು ಮಾತ್ರ ಸುಳ್ಳು.

ವಂಶದಿಂದ ಏನೇನು ಬರುತ್ತೆ ನೋಡೋಣ. ದೊಡ್ಡ ನಾಳಗಳ ತೊಂದರೆಯಿಂದ ಬರುವ ಲಕ್ವಕ್ಕೂ ಎಚ್‌ಡಿಎಸಿ9 ಅನ್ನೋ ಜೀನ್‌ಗೂ ನಂಟಿದೆ ಅಂತ 2012ರಲ್ಲಿ ಪತ್ತೆಯಾಯ್ತು. ಇಂಥ ಸಣ್ಣ ಸಣ್ಣ ಜೀನ್ ವ್ಯತ್ಯಾಸಗಳು ಹತ್ತಾರಿವೆ, ಒಂದೊಂದರ ಪಾಲೂ ಚಿಕ್ಕದು. ದೊಡ್ಡ ಪಾಲಿನವು ಎರಡು. ಒಂದು, ಹುಟ್ಟಿನಿಂದಲೇ ಎಲ್‌ಡಿಎಲ್ ವಿಪರೀತ ಇರುವ ಕಾಯಿಲೆ. ಸುಮಾರು 250 ಜನಕ್ಕೆ ಒಬ್ಬರಲ್ಲಿ ಇರುತ್ತೆ, ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಎರಡನೆಯದು ಲೈಪೋಪ್ರೋಟೀನ್-ಎ. 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಇದನ್ನ ಕಂಡುಹಿಡಿದರು. ಎಲ್‌ಡಿಎಲ್ ಥರದ್ದೇ ಕಣ, ಅದಕ್ಕೊಂದು ಬಾಲದಂಥ ಪ್ರೋಟೀನ್ ಅಂಟಿರುತ್ತೆ. ರಕ್ತದಲ್ಲಿ ಇದು ಎಷ್ಟಿರುತ್ತೆ ಅನ್ನೋದನ್ನ ಬಹುಪಾಲು ತೀರ್ಮಾನಿಸೋದು 6ನೇ ಕ್ರೋಮೋಸೋಮಿನ ಒಂದೇ ಒಂದು ಜೀನ್. ಮುದ್ದೆ ತಿಂದರೂ ಅಷ್ಟೇ, ಬೆಳಗಿನ ಜಾವ ಹೊಸಕೋಟೆ ಬಿರಿಯಾನಿಗೆ ಸಾಲು ನಿಂತರೂ ಅಷ್ಟೇ, ಹೆಚ್ಚು ಕಡಿಮೆ ಅದು ಬದಲಾಗಲ್ಲ. ನಮ್ಮ ದೇಶದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಇದು 50 ಮಿಲಿಗ್ರಾಂ ದಾಟಿರುತ್ತೆ. ಸಾಮಾನ್ಯ ಲಿಪಿಡ್ ಪ್ರೊಫೈಲ್‌ನಲ್ಲಿ ಇದು ಕಾಣಲ್ಲ, ಬೇರೆಯಾಗಿ ಕೇಳಬೇಕು. ಜೀವಮಾನದಲ್ಲಿ ಒಂದು ಸಲ ಎಲ್ಲರೂ ಮಾಡಿಸಿ ಅಂತ ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೇಳಿದೆ.

ದೊಡ್ಡಪ್ಪನಿಗೆ ಇದು 112 ಇತ್ತು. ನಾನೂ ಮಾಡಿಸಿದೆ, 86. ಬಿಪಿ ಇಲ್ಲ, ಶುಗರ್ ಇಲ್ಲ, ವಯಸ್ಸು 30. ರಿಪೋರ್ಟ್ ಕೈಗೆ ಬಂದ ರಾತ್ರಿ ನಿದ್ದೆ ಬರಲಿಲ್ಲ ಅನ್ನೋದು ನಿಜ. ಬದಲಾಯಿಸೋಕೆ ಆಗದ ನಂಬರ್ ಗೊತ್ತಾಗಿ ಏನು ಪ್ರಯೋಜನ? ಇದನ್ನೇ ಡಾಕ್ಟರ್ ಹತ್ತಿರ ಕೇಳಿದೆ. ಅವರು ಹೇಳಿದ್ದು ನಮ್ಮ ಸಾಫ್ಟ್‌ವೇರ್ ಕೆಲಸದ ಮಾತಿನ ಥರವೇ ಇತ್ತು: ಮುಟ್ಟೋಕಾಗದ ಹಳೇ ಕೋಡ್ ಒಳಗಿದ್ದರೆ ಸುತ್ತಲಿನದ್ದನ್ನ ಇನ್ನೂ ಗಟ್ಟಿ ಮಾಡ್ಕೋಬೇಕು. ಇದು ಜಾಸ್ತಿ ಇದ್ದವರು ಎಲ್‌ಡಿಎಲ್, ಬಿಪಿ, ಶುಗರ್, ಬೀಡಿ-ಸಿಗರೇಟಿನ ವಿಷಯದಲ್ಲಿ ಪಕ್ಕದ ಮನೆಯವರಿಗಿಂತ ಬಿಗಿಯಾಗಿರಬೇಕು. ನನಗೆ ಎಲ್‌ಡಿಎಲ್ 70ರ ಕೆಳಗಿರಲಿ ಅಂದಿದ್ದಾರೆ. ಲೈಪೋಪ್ರೋಟೀನ್-ಎ ಇಳಿಸುವ ಹೊಸ ಔಷಧಿಗಳು ಇನ್ನೂ ಪ್ರಯೋಗದ ಹಂತದಲ್ಲಿವೆ.

ಬಿಗಿಯಾಗಿದ್ದರೆ ಲಾಭ ಇದೆಯಾ? ಇದೆ. 55 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಹಿಡಿದ 2016ರ ಅಧ್ಯಯನವೊಂದು ಇದನ್ನ ಹೃದಯದ ನಾಳಗಳ ವಿಷಯದಲ್ಲಿ ತೋರಿಸಿದೆ. ಜೀನ್‌ಗಳ ಅಪಾಯ ಜಾಸ್ತಿ ಇದ್ದವರಲ್ಲೇ, ಚೆನ್ನಾಗಿ ಬದುಕಿದವರಿಗೆ ಹೃದಯದ ತೊಂದರೆ ಉಳಿದವರಿಗಿಂತ ಅರ್ಧದ ಹತ್ತಿರದಷ್ಟು ಕಡಿಮೆ ಇತ್ತು. ಹಣೆಬರಹ ಅಂತ ಕೈಚೆಲ್ಲಿದರೆ ಕಳ್ಕೊಳ್ಳೋದು ಈ ಅರ್ಧವನ್ನ.

ಹೋಮೋಸಿಸ್ಟೀನ್ ಬಗ್ಗೆಯೂ ಒಂದು ಮಾತು, ಚೆಕಪ್ ಪ್ಯಾಕೇಜುಗಳಲ್ಲಿ ಈಗ ಅದು ಇದ್ದೇ ಇರುತ್ತೆ. ಬಿ12 ಕಡಿಮೆ ಇದ್ದರೆ ಇದು ಏರುತ್ತೆ, ಸಸ್ಯಾಹಾರಿಗಳಲ್ಲಿ ಸಾಮಾನ್ಯ. ಕೊರತೆ ಇದ್ದರೆ ಬಿ12 ತಗೊಳ್ಳಿ. ಆದರೆ ವಿಟಮಿನ್ ಮಾತ್ರೆ ನುಂಗಿ ಹೋಮೋಸಿಸ್ಟೀನ್ ಇಳಿಸಿದವರಿಗೆ ಹೃದಯಾಘಾತ ಕಡಿಮೆಯಾಗಲಿಲ್ಲ ಅಂತ ದೊಡ್ಡ ಪ್ರಯೋಗಗಳು ತೋರಿಸಿವೆ. ಹಾಗಾಗಿ ಅದನ್ನ ನಂಬ್ಕೊಂಡು ಎಲ್‌ಡಿಎಲ್ ಮಾತ್ರೆ ಬಿಡಬೇಡಿ. ಹಾಗೇ, ಲಕ್ಷಣ ಏನೂ ಇಲ್ಲದವರೆಲ್ಲ ಕತ್ತಿನ ಡಾಪ್ಲರ್ ಮಾಡಿಸೋದೂ ಬೇಕಿಲ್ಲ, ಡಾಕ್ಟರ್ ಹೇಳಿದರೆ ಸಾಕು.

ನಮ್ಮ ಮನೆಯಲ್ಲಿ ಈಗ ಒಂದು ನೋಟ್‌ಬುಕ್ ಇದೆ. ಯಾರಿಗೆ, ಯಾವ ವಯಸ್ಸಲ್ಲಿ, ಏನಾಯ್ತು ಅಂತ ಅಜ್ಜಿಯನ್ನ ಕೇಳಿ ಕೇಳಿ ಬರೆದಿಟ್ಟಿದ್ದೇವೆ. ಅಪ್ಪ ಮೊದಲು "ನಂಗೇನಾಗಿದೆ?" ಅಂತ ಸಿಡುಕಿದರು. ಅಣ್ಣನ ಹೆಸರಿನ ಕೆಳಗೆ ತಮ್ಮ ಹೆಸರು ಖಾಲಿ ಇರೋದನ್ನ ನೋಡಿ ಮಾರನೇ ವಾರ ತಾವೇ ಲ್ಯಾಬಿಗೆ ಹೋಗಿ ಬಂದರು.

ನೀವೂ ಈ ಭಾನುವಾರ ಹಿರಿಯರ ಜೊತೆ ಕೂತು ಬರೆದಿಡಿ. ಗಂಡಸರಿಗೆ 55, ಹೆಂಗಸರಿಗೆ 65 ತುಂಬುವ ಮುಂಚೆ ಹೃದಯಾಘಾತವೋ ಲಕ್ವವೋ ಆಗಿದ್ದರೆ ಅಡಿಗೆರೆ ಹಾಕಿ, ಡಾಕ್ಟರಿಗೆ ತೋರಿಸಿ. ಬಿಪಿ, ಶುಗರ್ ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿನಲ್ಲೇ ನೋಡ್ತಾರೆ. ಮೊದಲು ಅಲ್ಲಿಂದ ಶುರು ಮಾಡಿ.