ಗದ್ದಲಕ್ಕೆ ಅವಕಾಶ ಕೊಡಿ

ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದ್ದು 2007ರಲ್ಲಿ. ಆದರೂ ಹತ್ತು ವರ್ಷ ಕಲಿತ ನಮ್ಮ ಅನೇಕ ಮಕ್ಕಳು ಸಂದರ್ಶನದ ಮೇಜಿನ ಮುಂದೆ ಮೂಕರಾಗುವುದೇಕೆ? ನಾವು ದೂರುವುದು ಮಕ್ಕಳನ್ನು. ವಸ್ತುತಃ ಅವರ ಶಿಕ್ಷಕರಲ್ಲಿ ಬಹಳಷ್ಟು ಮಂದಿಗೇ ಇಂಗ್ಲಿಷ್ ಮಾತನಾಡುವ ಅವಕಾಶ ದೊರೆತಿರಲಿಲ್ಲ.

ಪಾತ್ರಾಭಿನಯ ಇದಕ್ಕೊಂದು ಮದ್ದು. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆಯ ಅಂಗಡಿಯನ್ನೇ ತರಗತಿಗೆ ತನ್ನಿ. ಗಿರಾಕಿಯಾದವಳ ಚೀಟಿಯಲ್ಲಿ ಬೇಕಾದ ಪತ್ರಿಕೆಗಳ ಸಂಖ್ಯೆ, ಕೈಯಲ್ಲಿರುವ ಹಣ. ಅಂಗಡಿಯವಳ ಚೀಟಿಯಲ್ಲಿ ದರ, ಮುದ್ರಿಸಿ ಕೊಡುವ ದಿನ. ಪರಸ್ಪರ ಚೀಟಿ ನೋಡುವಂತಿಲ್ಲ, ಇಂಗ್ಲಿಷಿನಲ್ಲಿ ಕೇಳಿಯೇ ತಿಳಿಯಬೇಕು. ಸಂಭಾಷಣೆಯನ್ನು ಬರೆದುಕೊಟ್ಟು ಉರು ಹೊಡೆಸಿದರೆ ಅದು ವಾರ್ಷಿಕೋತ್ಸವದ ನಾಟಕವಾದೀತು, ಮಾತಾಗದು.

ಈ ವಿಧಾನ ಉಪನ್ಯಾಸದಿಂದ ಕೈಗೂಡುವಂಥದ್ದಲ್ಲ. 1963ರಲ್ಲಿ ಸ್ಥಾಪನೆಯಾದ, ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಂತಹ ತರಬೇತಿ ಕೇಂದ್ರ ನಮ್ಮ ನಗರದಲ್ಲೇ ಇದೆ. ಎಲ್ಲಿಯೇ ತರಬೇತಿಯಾಗಲಿ, ಶಿಕ್ಷಕರು ಸ್ವತಃ ಗಿರಾಕಿಯಾಗಿ ಚೌಕಾಸಿ ಮಾಡಬೇಕು, ತಡವರಿಸಬೇಕು, ಪ್ರತಿ ತಪ್ಪಿಗೂ ಮಾತು ತುಂಡರಿಸದೆ ಕೊನೆಗೆ ತಿದ್ದುವ ಸಹನೆಯನ್ನು ಅಭ್ಯಾಸ ಮಾಡಬೇಕು.

ಇಪ್ಪತ್ತು ಜೋಡಿಗಳು ಒಮ್ಮೆಲೇ ಮಾತನಾಡಿದರೆ ಗದ್ದಲವಾಗುವುದು ಸಹಜ. ಅದನ್ನು ಅಶಿಸ್ತೆಂದು ಮುಖ್ಯೋಪಾಧ್ಯಾಯರು ಗದರಿದರೆ ತರಬೇತಿ ಪಡೆದ ಶಿಕ್ಷಕಿ ಮರುದಿನವೇ ಕರಿಹಲಗೆಗೆ ಮರಳುತ್ತಾರೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ ಪೋಷಕರು ಮುಂದಿನ ಸಭೆಯಲ್ಲಿ ಈ ಗದ್ದಲದ ಪರವಾಗಿ ಮಾತನಾಡಬೇಕಾಗಿದೆ.