ಶೇಕಡ 40 ಸರಿ, ಮುದ್ದೆ ಮುರಿಯೋದು ಹೇಗೆ?

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ನಡುವೆ ಆಂಧ್ರ ಹೊಕ್ಕು ಮತ್ತೆ ಕರ್ನಾಟಕಕ್ಕೆ ಬರುತ್ತೆ. ಆ ಬಸ್ಸಿನಲ್ಲಿ ಪ್ಲಾಸ್ಟಿಕ್ ಕವರನ್ನು ಎದೆಗವಚಿಕೊಂಡು ಕೂತವರು ಕಾಣಸಿಗೋದು ಅಪರೂಪವಲ್ಲ. ಕವರಿನೊಳಗೆ ಅಂಗವಿಕಲತೆಯ ಸರ್ಟಿಫಿಕೇಟು. 2016ರ ಕಾಯಿದೆ ಪ್ರಕಾರ ಶೇಕಡ 40 ಇದ್ದರೆ ಸರ್ಕಾರಿ ಸವಲತ್ತಿನ ಬಾಗಿಲು ತೆರೆಯುತ್ತೆ. ಆ ಅಂಕಿಗಾಗಿಯೇ ಈ ಓಡಾಟ.

ಸರಿ ಸ್ವಾಮಿ, 40 ಬಂತು. ಆ ಮನುಷ್ಯ ಮುದ್ದೆ ಮುರಿದು ಉಣ್ಣಬಲ್ಲನೇ? ಪಂಚೆ ಉಡಬಲ್ಲನೇ? ಈ ಬಸ್ಸಿನ ಮೆಟ್ಟಿಲು ಹತ್ತಿದ್ದಾದರೂ ಹೇಗೆ? ಸರ್ಟಿಫಿಕೇಟಿನಲ್ಲಿ ಅದಕ್ಕೆಲ್ಲ ಜಾಗವಿಲ್ಲ.

ಇಂಥ ಪ್ರಶ್ನೆಗಳನ್ನೇ ಕೇಳುವ ಒಂದು ವಿದ್ಯೆ ಇದೆ. ಹೆಸರು ಆಕ್ಯುಪೇಷನಲ್ ಥೆರಪಿ. ಪುಸ್ತಕದ ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಅಂತಾರೆ. ನೌಕರಿ ಕೊಡಿಸ್ತಾರೇನೋ ಅಂತ ಜನ ತಿಳಿದುಕೊಂಡರೆ ತಪ್ಪು ಜನರದಲ್ಲ. ಸ್ಥೂಲವಾಗಿ ಹೇಳೋದಾದರೆ, ಫಿಸಿಯೋಥೆರಪಿಯವರು ಕೈ ಎಷ್ಟು ಮೇಲೇಳುತ್ತೆ ಅಂತ ನೋಡ್ತಾರೆ. ಇವರು ಆ ಕೈಯಿಂದ ಯಾವ ಕೆಲಸ ಆಗಬೇಕು ಅಂತ ಕೇಳ್ತಾರೆ. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾದ ಕಮಲಾ ನಿಂಬ್ಕರ್ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದಕ್ಕೊಂದು ಶಾಲೆ ತೆರೆದರು. ನಮ್ಮ ರಾಜ್ಯದಲ್ಲಿ ಮಣಿಪಾಲದಂಥ ಕಡೆ ಕಲಿಸ್ತಾರೆ.

ಕಲಿಸುವಾಗ ಬಹಳಷ್ಟು ನಿಂತಿರೋದು ಕೇಸ್ ಸ್ಟಡಿ ಮೇಲೆ. ಒಬ್ಬ ರೋಗಿ, ಅವನ ಮನೆ, ದಿನಚರಿ, ಅವನಿಗೆ ಬೇಕಾದ್ದೇನು, ಏನು ಮಾಡಿಸಿದೆವು, ಎಲ್ಲಿ ಎಡವಿದೆವು, ಇಷ್ಟನ್ನೂ ಬರೆದಿಟ್ಟರೆ ಮುಂದಿನ ಹುಡುಗ ಹುಡುಗಿಯರು ಓದಿ ಕಲೀತಾರೆ. ತೊಡಕು ಇರೋದು ಇಲ್ಲೇ. ಪರದೇಶದ ಪಠ್ಯಪುಸ್ತಕದ ರೋಗಿ ಮೇಜಿನ ಮೇಲೆ ಚಮಚ ಹಿಡಿದು ಉಣ್ತಾನೆ, ಟಬ್ಬಿನಲ್ಲಿ ಸ್ನಾನ ಮಾಡ್ತಾನೆ, ಸ್ವಂತ ಕಾರು ಹತ್ತುತ್ತಾನೆ. ಕೊರಟಗೆರೆ ಹಳ್ಳಿಯ ರೋಗಿಗೆ ಇವನು ಯಾವ ಸೀಮೆ ನೆಂಟ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಧುಗಿರಿಯಲ್ಲೊಬ್ಬ ಕಿರಾಣಿ ಅಂಗಡಿ ಯಜಮಾನರು. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದವು. ಜೀವ ಉಳೀತು. ಮನೆಗೆ ಕಳಿಸುವಾಗ ಚೀಟಿಯಲ್ಲಿ ಬರೆದದ್ದು ಮಾತ್ರೆಗಳ ಪಟ್ಟಿ, ಕೊನೆಗೆ 'ವ್ಯಾಯಾಮ ಮಾಡಿಸಿ' ಅಂತ ಒಂದು ಸಾಲು. ಅಲ್ಲಿಂದ ಅವರು ಮಂಚಕ್ಕೆ, ಮಗ ಗಲ್ಲಾಪೆಟ್ಟಿಗೆಗೆ.

ಪುಸ್ತಕ ಓದಿ ಬಂದ ವಿದ್ಯಾರ್ಥಿನಿ 'ಎಡಗೈಯಲ್ಲಿ ಊಟ ಅಭ್ಯಾಸ ಮಾಡಿ' ಅಂತಾಳೆ. ಎಡಗೈಯಲ್ಲಿ ಉಣ್ಣೋದು ಅಂದ್ರೇನು ಅಂತ ಅವಳಿಗೂ ಗೊತ್ತು, ಆದರೆ ಪುಸ್ತಕಕ್ಕೆ ಗೊತ್ತಿಲ್ಲ! ನಾಲ್ಕು ಜನರ ಮುಂದೆ ಎಡಗೈ ತಟ್ಟೆಗೆ ಹಾಕೋದಕ್ಕಿಂತ ಹೆಂಡತಿ ತುತ್ತು ಇಡೋದೇ ಮೇಲು ಅಂತ ಯಜಮಾನರು ಪಟ್ಟು ಹಿಡೀತಾರೆ. ಚಿಕಿತ್ಸೆ ಅಲ್ಲಿಗೆ ನಿಂತಿತು. ಮುದ್ದೆಯನ್ನು ಮೊದಲೇ ಸಣ್ಣ ತುತ್ತು ಮಾಡಿಟ್ಟು, ದಪ್ಪ ಹಿಡಿಯ ಚಮಚ ಕೊಟ್ಟರೆ ಒಪ್ತಾರೋ? ಬಲಗೈಗೆ ಎಡಗೈ ಆಸರೆ ಕೊಟ್ಟು ಬಾಯಿತನಕ ತರಬಹುದೋ? ಅಂಗಡಿಯಲ್ಲಿ ಗಲ್ಲಾ ಎಡಕ್ಕೆ ಸರಿಸಿ, ಬೆನ್ನಿಗೆ ಒರಗು ಇರೋ ಕುರ್ಚಿ ಹಾಕಿ, ತೂಕ ಹುಡುಗನಿಗೆ ಬಿಟ್ಟು ಲೆಕ್ಕ ಮಾತ್ರ ಅವರೇ ನೋಡಿಕೊಂಡರೆ? ಬಾಯಿಲೆಕ್ಕಕ್ಕೆ ಲಕ್ವ ಹೊಡೆದಿದೆಯೋ ಇಲ್ಲವೋ ಅಂತ ಯಾರೂ ಪರೀಕ್ಷೆ ಮಾಡಿಲ್ಲವಲ್ಲ. ಇದೆಲ್ಲ ಬರೆದಿಟ್ಟರೆ ಅದು ಕೇಸ್ ಸ್ಟಡಿ. 'ಬಲಪಾರ್ಶ್ವ ದುರ್ಬಲ, ವ್ಯಾಯಾಮ ಸೂಚಿಸಿದೆ' ಅನ್ನೋದು ಬರೀ ಚೀಟಿ.

ಪಾವಗಡದ ಕತೆ ಬೇರೆ. ಅಲ್ಲಿನ ಕೊಳವೆಬಾವಿ ನೀರಿನ ಫ್ಲೋರೈಡು ಯಾರಿಗೂ ಹೊಸ ಸುದ್ದಿಯಲ್ಲ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಗತಿಯಿಲ್ಲದಿದ್ದರೆ 1.5 ಅಂತ ಮಾನಕ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು, ಕತ್ತು, ಮಂಡಿ ಬಿಗಿದುಕೊಳ್ತವೆ. ಒಳ್ಳೆ ನೀರು ಕೊಟ್ಟರೆ ಮಕ್ಕಳ ಹಲ್ಲು ಮೂಳೆ ಉಳೀತಾವೆ. ಆಗಲೇ ಬಿಗಿದ ಬೆನ್ನು ಸಡಿಲಾಗೋದಿಲ್ಲ. ಆ ಬೆನ್ನಿನ ಹೆಂಗಸು ನೆಲದ ಒಲೆ ಮುಂದೆ ಕೂತು ಏಳೋದು ಹೇಗೆ? ಕೊಡ ಎತ್ತೋದು ಹೇಗೆ? ಕುಕ್ಕರಗಾಲಲ್ಲಿ ಕೂತು ಹುಣಸೆ ಬೀಜ ಬಿಡಿಸೋದು ಹೇಗೆ? ಒಲೆ ಕಟ್ಟೆಯ ಮೇಲೆ ಬರಬೇಕು, ಕೊಡ ಅರ್ಧವಾಗಬೇಕು, ಹುಣಸೆ ಕೆಲಸ ಎತ್ತರದ ಹಲಗೆಗೆ ಏರಬೇಕು. ಅವಳು ಇದನ್ನೆಲ್ಲ ಹೇಳೋದು ತೆಲುಗಿನಲ್ಲಿ, ಹುಡುಗ ಬರೆದುಕೊಳ್ಳೋದು ಇಂಗ್ಲಿಷಿನಲ್ಲಿ. ನಡುವೆ ಎಷ್ಟು ಸೋರಿಹೋಯಿತೋ!

ಕುಷ್ಠರೋಗದ್ದೂ ಅಷ್ಟೆ. ಔಷಧದಿಂದ ರೋಗ ವಾಸಿಯಾದರೂ ಕೈಗೆ ಹೋದ ಸ್ಪರ್ಶ ಅನೇಕರಿಗೆ ಮರಳೋದಿಲ್ಲ. ಬಿಸಿ ಲೋಟ ಹಿಡಿದು ಬೊಬ್ಬೆ ಬಂದಮೇಲೇ ಸುಟ್ಟಿದ್ದು ತಿಳಿಯೋದು. ಲೋಟಕ್ಕೆ ಬಟ್ಟೆ, ಕುಡುಗೋಲಿಗೆ ದಪ್ಪ ಹಿಡಿ, ರಾತ್ರಿ ಮಲಗೋ ಮುಂಚೆ ಎರಡೂ ಅಂಗೈ ನೋಡಿಕೊಳ್ಳೋ ರೂಢಿ. ಖರ್ಚು ಎಷ್ಟು ಮಹಾ?

ಒಬ್ಬನ ಕತೆಯಿಂದ ಶಾಸ್ತ್ರ ಆಗುತ್ತಾ ಅಂತ ಬಲ್ಲವರು ಕೇಳಬಹುದು. ಆಗೋದಿಲ್ಲ, ನಿಜ. ಒಂದು ಚಿಕಿತ್ಸೆ ಎಲ್ಲರಿಗೂ ಹಿಡಿಯುತ್ತೆ ಅಂತ ಸಾಧಿಸೋಕೆ ನೂರಾರು ಜನರ ಲೆಕ್ಕ ಬೇಕು. ಆದರೆ ಕಲಿಯೋ ಹುಡುಗರಿಗೆ ಏನು ಕೇಳಬೇಕು ಅಂತ ತೋರಿಸೋಕೆ ಒಬ್ಬ ಸಾಕು. ಅದರಲ್ಲೂ ಸೋತ ಕೇಸು. ಗೆದ್ದದ್ದನ್ನು ಮಾತ್ರ ಬರೆಯೋ ಚಾಳಿ ಎಲ್ಲ ಕಡೆ ಇರುವಂಥದ್ದೇ. ಹೆಸರು ಮರೆಸಬೇಕು, ಒಪ್ಪಿಗೆ ಕೇಳಬೇಕು. ನಮ್ಮೂರುಗಳಲ್ಲಿ ಹೆಸರು ಬಿಟ್ಟು 'ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯವರು' ಅಂತ ಬರೆದರೂ ಊರಿಗೇ ಗೊತ್ತಾಗುತ್ತೆ, ಆದ್ದರಿಂದ ಅಂಗಡಿಯನ್ನೂ ಮರೆಸಬೇಕು.

2021ರ ಕೇಂದ್ರ ಕಾಯಿದೆಯಿಂದ ಈ ವಿದ್ಯೆಯ ಶಿಕ್ಷಣದ ಮಟ್ಟ ಗೊತ್ತುಮಾಡುವ ಅಧಿಕಾರ ರಾಷ್ಟ್ರೀಯ ಆಯೋಗಕ್ಕೆ ಬಂದಿದೆ. ಕೇಳೋದಿದ್ದರೆ ಈಗಲೇ ಕೇಳಬೇಕು. ಇಂಟರ್ನ್‌ಶಿಪ್ಪಿನ ಹುಡುಗರು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದಲ್ಲಿ ಕೆಲವು ವಾರ ಇರಲಿ. ಮನೆ ತೋರಿಸೋಕೆ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಮನೆಯ ಹೊಸ್ತಿಲು ಎಷ್ಟೆತ್ತರ ಅಂತ ಅವರಿಗೆ ಗೊತ್ತು. ಬರೆದ ಕೇಸಿನ ಒಂದು ಪ್ರತಿ ಕನ್ನಡದಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಉಳಿಯಲಿ.

ಹುಡುಗರು ಬರೋದಂತೂ ಬಸ್ಸಿನಲ್ಲೇ. ಇಳಿದವರೇ ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಮೇಲಿದೆ ಅಂತ ಟೇಪು ಹಿಡಿದು ಅಳೆದು ಬರೆದುಕೊಳ್ಳಲಿ. ಮೊದಲ ದಿನಕ್ಕೆ ಅಷ್ಟು ಸಾಕು.