ಅಳಿಸಿ ಕೊಡುವವರ ಅಂಗಡಿ

ನಮ್ಮೂರ ಬಸ್ ನಿಲ್ದಾಣದ ಕಂಬಗಳ ಮೇಲೆ ಮೊದಲು ಮೂಲವ್ಯಾಧಿಗೆ ಮದ್ದು ಕೊಡುವವರ ಚೀಟಿಗಳಷ್ಟೇ ಇರುತ್ತಿದ್ದವು. ಈಗ ಅವುಗಳ ಪಕ್ಕದಲ್ಲೇ 'ಸಿಬಿಲ್ ಸರಿ ಮಾಡಿಕೊಡಲಾಗುವುದು' ಎಂಬ ಚೀಟಿಯೂ ಅಂಟಿಕೊಂಡಿದೆ. ಎರಡೂ ವ್ಯಾಪಾರ ನಡೆಯುವುದು ನಮ್ಮ ನಾಚಿಕೆಯ ಮೇಲೆ.

ನನ್ನ ಪರಿಚಯದ ದರ್ಜಿಯೊಬ್ಬರು ಆ ನಂಬರಿಗೆ ಫೋನು ಮಾಡಿ 6,000 ರೂಪಾಯಿ ಕಳಕೊಂಡರು. 2020ರ ಲಾಕ್‌ಡೌನಿನಲ್ಲಿ ಅವರ ಬೈಕಿನ ಸಾಲದ ಕಂತು ನಿಂತಿತ್ತು. ಆಮೇಲೆ ವಸೂಲಿಗೆ ಬಂದವನು, "38,000 ಬಾಕಿಯಲ್ಲಿ 18,000 ಕಟ್ಟಿಬಿಡಿ ಭಾಯ್, ಸೆಟ್ಲ್ ಮಾಡೋಣ" ಅಂದ. ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದರು. ಸಾಲ ಹರಿಯಿತು ಎಂದುಕೊಂಡರು. ಮಗಳ ಕಾಲೇಜಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ತಲೆ ಅಲ್ಲಾಡಿಸಿದರು.

'ಸೆಟ್ಲ್' ಎಂದರೆ ಸಾಲ ತೀರಿತು ಎಂದಲ್ಲ. ಪೂರ್ತಿ ಕೊಡಲಾಗದೆ ಕಡಿಮೆ ಹಣಕ್ಕೆ ರಾಜಿಯಾದವನು ಎಂದು. ದಾಖಲೆಯಲ್ಲಿ ಅದು ಹಾಗೆಯೇ ಉಳಿಯುತ್ತದೆ. ಇದನ್ನು ವಸೂಲಿಗೆ ಬಂದವನು ಹೇಳಲಿಲ್ಲ, ಸಾಲ ಕೊಟ್ಟವರೂ ಹೇಳಲಿಲ್ಲ. ದಲ್ಲಾಳಿಯನ್ನು ಬೈಯುವ ಮೊದಲು ಈ ಮೌನವನ್ನು ಬೈಯಬೇಕು.

ಆ ದಲ್ಲಾಳಿ ಮಾಡಿದ್ದಾದರೂ ಏನು? ಪ್ಯಾನ್ ನಂಬರು, ಒಟಿಪಿ ಪಡೆದು, ನಿಜವಾದ ದಾಖಲೆಯನ್ನೇ ತಪ್ಪೆಂದು ಒಂದು ದೂರು ಹಾಕಿದ. ಅದು ತಿರಸ್ಕೃತವಾಯಿತು. ಈ ದೂರನ್ನು ಯಾರು ಬೇಕಾದರೂ ತಾವೇ, ಬಿಟ್ಟಿಯಾಗಿ ಹಾಕಬಹುದು. ಸಿಬಿಲ್‌ನವರು ತಾವಾಗಿ ಒಂದಕ್ಷರವನ್ನೂ ತಿದ್ದುವುದಿಲ್ಲ. ಸಾಲ ಕೊಟ್ಟ ಸಂಸ್ಥೆ ಒಪ್ಪಿದರೆ ಮಾತ್ರ ತಿದ್ದುಪಡಿ. ಹೀಗಿರುವಾಗ ಒಳಗೆ 'ನಮ್ಮವರಿದ್ದಾರೆ' ಎನ್ನುವವನು ಯಾವ ಬಾಗಿಲಿನ ಒಳಗಿರುವವನು?

ನಿಜಕ್ಕೂ ತಪ್ಪಿದ್ದರೆ ದಾರಿ ಬೇರೆ. ತೀರಿಸಿದ ಸಾಲ ಬಾಕಿಯೆಂದೇ ಕಾಣುವುದು, ಇನ್ನಾರದೋ ಸಾಲ ನಮ್ಮ ಹೆಸರಿಗೆ ಬರುವುದು ಅಪರೂಪವೇನಲ್ಲ. ದೂರು ಕೊಟ್ಟ 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ನಮಗೆ ಪರಿಹಾರ ಸಲ್ಲಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿ, 2024ರ ಏಪ್ರಿಲ್‌ನಿಂದ ಜಾರಿಗೆ ತಂದಿದೆ. ಇದನ್ನು ಕಂಬಕ್ಕೆ ಅಂಟಿಸುವವರು ಯಾರೂ ಇಲ್ಲ.

ತಮ್ಮ ವರದಿಯನ್ನು ತಾವೇ ನೋಡಿದರೆ ಅಂಕ ಇಳಿಯುತ್ತದೆಂದು ಹೆದರುವವರಿದ್ದಾರೆ. ಇಳಿಯುವುದಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಕಂಪೆನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು.

ಇನ್ನು, ಬಡ್ಡಿ ಹರಾಮ್, ನಮಗೂ ಸಿಬಿಲ್‌ಗೂ ಏನು ಸಂಬಂಧ ಎಂದು ಜುಮಾ ಮುಗಿಸಿ ಬರುವಾಗ ವಾದಿಸುವ ಹಿರಿಯರು. ಅವರ ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲಿ ಮೈಕ್ರೋಫೈನಾನ್ಸಿನ ಸಾಲವಿರುತ್ತದೆ. ಅದರ ಲೆಕ್ಕವೂ ಈ ಕಂಪೆನಿಗಳಿಗೆ ಹೋಗುತ್ತದೆ. ತಾವು ಸಾಲ ಮಾಡದಿದ್ದರೂ ಷಡ್ಡಕನ ಆಟೋರಿಕ್ಷಾಕ್ಕೆ ಜಾಮೀನು ಹಾಕಿರುತ್ತಾರೆ. ಅವನು ಕಂತು ತಪ್ಪಿಸಿದರೆ ಕಲೆ ಇವರ ದಾಖಲೆಗೂ ಬರುತ್ತದೆ. (ಜಾಮೀನು, ಬಾಕಿ, ವಸೂಲಿ, ಜಪ್ತಿ, ದಲ್ಲಾಳಿ: ಸಾಲದ ಸುತ್ತಲಿನ ಕಷ್ಟದ ಪದಗಳನ್ನೆಲ್ಲ ಕನ್ನಡಕ್ಕೆ ನಾವೇ ಕೊಟ್ಟಂತಿದೆ. ಅರ್ಥ ಮಾತ್ರ ಮರೆತಿದ್ದೇವೆ.)

ದರ್ಜಿ ಈಗ ಚೀಟಿ ಎತ್ತಿ ಉಳಿದ 20,000ವನ್ನೂ ಕಟ್ಟಿದ್ದಾರೆ. ಬಾಕಿ ಇಲ್ಲವೆಂಬ ಪತ್ರ ಕೇಳಿ ಪಡೆದು, ಖಾತೆಯನ್ನು 'ಮುಕ್ತಾಯ' ಎಂದು ವರದಿ ಮಾಡುವಂತೆ ಸಾಲ ಕೊಟ್ಟವರಿಗೆ ಕನ್ನಡದಲ್ಲೇ ಅರ್ಜಿ ಬರೆದರು. ಅಂಕ ನಾಳೆಯೇ ಏರುವುದಿಲ್ಲ. ತಡವಾದ ಕಂತುಗಳ ಗುರುತು ವರ್ಷಗಟ್ಟಲೆ ಇರುತ್ತದೆ. ಅರ್ಜಿಗೆ ಸ್ವೀಕೃತಿಯ ಮೊಹರು ಕೇಳಿದಾಗ ಗುಮಾಸ್ತರು ಗೊಣಗಿದರಂತೆ. ಇವರು ಮೊಹರು ಬೀಳುವವರೆಗೂ ಕೌಂಟರ್ ಬಿಟ್ಟು ಕದಲಲಿಲ್ಲ.